ನಾಲ್ಕು ಗಂಟೆಗೊಮ್ಮೆ ಕೊಡಬೇಕಾದ ಮಾತ್ರೆಗೆ ಬೆಂಗಳೂರಿಗೆ ಹೋಗಬೇಕೆ? ಹಾಸನ ಜಿಲ್ಲಾ ಆಡಳಿತಕ್ಕೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಹಾಸನ ಜಿಲ್ಲೆ, ಇವರಿಗೆ

ಮಾನ್ಯರೇ,

ವಾಸಿಯಾಗದ ಕಾಯಿಲೆಯಿಂದ ಮಲಗಿದವರ ಮನೆಗೆ ಹೋಗಿ ಆರೈಕೆ ಮಾಡುವ ಶುಶ್ರೂಷಕರು ನಾವು. ಸಕಲೇಶಪುರ, ಆಲೂರು, ಬೇಲೂರು, ಅರಕಲಗೂಡು ತಾಲ್ಲೂಕಿನ ಹಳ್ಳಿಗಳಲ್ಲಿ, ಕಾಫಿ ತೋಟದ ಲೈನ್‌ಮನೆಗಳಲ್ಲಿ ನಮ್ಮ ಕೆಲಸ. ನಾವು ನೋಡುವವರಲ್ಲಿ ಬಾಯಿ, ಗಂಟಲು, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಆದವರು ಹೆಚ್ಚು. ಜೊತೆಗೆ ಹೃದಯ ಸೋತವರು, ಕಿಡ್ನಿ ಕೈಕೊಟ್ಟವರು, ಬೀಡಿ ಮತ್ತು ಒಲೆಯ ಹೊಗೆಯಿಂದ ಶ್ವಾಸಕೋಶ ಹಾಳಾದವರು, ಲಕ್ವ ಹೊಡೆದು ಹಾಸಿಗೆ ಹಿಡಿದವರೂ ಇದ್ದಾರೆ. ಇವರ ಕಾಯಿಲೆ ವಾಸಿಮಾಡಿಕೊಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಇವರ ನೋವು, ವಾಂತಿ, ಉಬ್ಬಸ, ಗಾಯದ ವಾಸನೆ, ಕೊನೆಯ ದಿನಗಳ ತಳಮಳ, ಇವುಗಳಲ್ಲಿ ಬಹುಪಾಲನ್ನು ಮನೆಯಲ್ಲೇ, ಕಡಿಮೆ ಖರ್ಚಿನಲ್ಲಿ ಹತೋಟಿಗೆ ತರಬಹುದು. ಹೇಗೆ ಎಂಬುದು ನಮಗೆ ಗೊತ್ತಿದೆ. ಆದರೆ ಔಷಧ, ಮುಖ್ಯವಾಗಿ ತೀವ್ರ ನೋವು ತಗ್ಗಿಸುವ ಮಾರ್ಫಿನ್ ಮಾತ್ರೆ, ಹತ್ತಿರದಲ್ಲಿ ಸಿಗುತ್ತಿಲ್ಲ, ಕೊಡಲು ಲಿಖಿತ ಆದೇಶ ಇರುವುದಿಲ್ಲ, ರಾತ್ರಿ ಫೋನಿನಲ್ಲಿ ಕೇಳಲು ಒಬ್ಬ ವೈದ್ಯರು ಸಿಗುವುದಿಲ್ಲ. ನಮ್ಮ ದೂರು ಈ ಮೂರರ ಬಗ್ಗೆ.

ದೊಡ್ಡ ಆಸ್ಪತ್ರೆಯಲ್ಲಿ "ಇನ್ನು ಮಾಡುವಂಥದ್ದೇನೂ ಇಲ್ಲ, ಮನೆಗೆ ಕರ್ಕೊಂಡು ಹೋಗಿ ಚೆನ್ನಾಗಿ ನೋಡ್ಕೊಳ್ಳಿ" ಎಂದು ಕಳಿಸಿದ ಮೇಲೆ ಏನಾಗುತ್ತದೆ ಎಂಬುದನ್ನು ನಾವು ಮನೆಮನೆಯಲ್ಲೂ ನೋಡುತ್ತಿದ್ದೇವೆ. ಡಿಸ್‌ಚಾರ್ಜ್ ಚೀಟಿಯಲ್ಲಿ ನೋವಿನ ಮಾತ್ರೆ ಟ್ರಮಡಾಲ್ 50 ಮಿ.ಗ್ರಾಂ. ದಿನಕ್ಕೆ ಮೂರು ಸಲ ಎಂದಿರುತ್ತದೆ. ಎರಡು ವಾರ ಅದು ನೋವು ತಡೆಯುತ್ತದೆ. ಆಮೇಲೆ ತಡೆಯುವುದಿಲ್ಲ. ಟ್ರಮಡಾಲ್ ದಿನಕ್ಕೆ 400 ಮಿ.ಗ್ರಾಂ. ಮೀರಿ ಕೊಡುವ ಹಾಗಿಲ್ಲ, ಮೀರಿದರೆ ಫಿಟ್ಸ್ ಬರುವ ಅಪಾಯವಿದೆ. ಮನೆಯವರು ಹತ್ತಿರದ ಕ್ಲಿನಿಕ್ಕಿಗೆ ಓಡುತ್ತಾರೆ, ಅಲ್ಲಿ ಡೈಕ್ಲೋಫಿನಾಕ್ ಚುಚ್ಚುತ್ತಾರೆ. ದಿನಾ ಚುಚ್ಚಿದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸೋರುತ್ತದೆ, ಮೊದಲೇ ನೀರಡಿಸಿದ ದೇಹದ ಕಿಡ್ನಿ ಇನ್ನಷ್ಟು ಕುಗ್ಗುತ್ತದೆ. ಅದೂ ಸಾಲದಾದಾಗ ಪೆಂಟಾಜೋಸಿನ್ ಇಂಜೆಕ್ಷನ್. ಮುಂದೆ ಮಾರ್ಫಿನ್ ಸಿಕ್ಕರೂ ಅದರ ಜೊತೆಗೆ ಪೆಂಟಾಜೋಸಿನ್ ಕೊಡುವ ಹಾಗಿಲ್ಲ, ಮಾರ್ಫಿನ್ನಿನ ಕೆಲಸಕ್ಕೇ ಅದು ಅಡ್ಡಗಾಲು ಹಾಕುತ್ತದೆ. ಹೀಗೆ ತಪ್ಪು ಔಷಧಕ್ಕೆ ನೂರಾರು ರೂಪಾಯಿ ಸುರಿದು, ಕೆಲವೇ ರೂಪಾಯಿ ಬೆಲೆಯ ಸರಿಯಾದ ಮಾತ್ರೆ ಸಿಗದೆ, ಜನ ರಾತ್ರಿಯಿಡೀ ನರಳುತ್ತಿದ್ದಾರೆ.

ಮಾರ್ಫಿನ್ ಬಗ್ಗೆ ಸ್ವಲ್ಪ ವಿಸ್ತಾರವಾಗಿಯೇ ಬರೆಯಬೇಕಾಗಿದೆ. ಅಧಿಕಾರಿಗಳಲ್ಲಿ, ಔಷಧ ಉಗ್ರಾಣದವರಲ್ಲಿ, ನಮ್ಮ ವೃತ್ತಿಯವರಲ್ಲೇ ಇದರ ಬಗ್ಗೆ ಹೆದರಿಕೆ ಇನ್ನೂ ಹೋಗಿಲ್ಲ. ತೀವ್ರವಾದ ಕ್ಯಾನ್ಸರ್ ನೋವಿಗೆ ಬಾಯಿಂದ ಕೊಡುವ ಸಾಧಾರಣ ಮಾರ್ಫಿನ್ ಮಾತ್ರೆ ಅರ್ಧ ಗಂಟೆಯಲ್ಲಿ ಕೆಲಸ ಶುರುಮಾಡುತ್ತದೆ, ನಾಲ್ಕು ಗಂಟೆ ಹೊತ್ತಿಗೆ ಇಳಿಯುತ್ತದೆ. ಆದ್ದರಿಂದ ನೋವು ಬಂದಾಗ ಕೊಡುವ ಔಷಧ ಇದಲ್ಲ, ಗಡಿಯಾರ ನೋಡಿ ಕೊಡುವ ಔಷಧ. ವೈದ್ಯರು ಸಾಮಾನ್ಯವಾಗಿ 5 ಮಿ.ಗ್ರಾಂ.ನಿಂದ ಶುರುಮಾಡುತ್ತಾರೆ, ತೀರಾ ವಯಸ್ಸಾದವರಿಗೆ, ಸೊರಗಿದವರಿಗೆ 2.5. ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6ಕ್ಕೆ 10 ಮಿ.ಗ್ರಾಂ. ಮಾತ್ರೆಯ ಅರ್ಧ, ರಾತ್ರಿ 10ಕ್ಕೆ ಇಡೀ ಮಾತ್ರೆ. ರಾತ್ರಿಯದು ಇಮ್ಮಡಿ ಯಾಕೆಂದರೆ ನಡುರಾತ್ರಿ 2ಕ್ಕೆ ರೋಗಿಯನ್ನೂ ಮನೆಯವರನ್ನೂ ಎಬ್ಬಿಸದಿರಲಿ ಎಂದು. ನಡುವೆ ನೋವು ಚಿಮ್ಮಿದರೆ ಅದೇ ನಾಲ್ಕು ಗಂಟೆಯ ಪ್ರಮಾಣವನ್ನು ಹೆಚ್ಚುವರಿಯಾಗಿ ಕೊಟ್ಟು ಪುಸ್ತಕದಲ್ಲಿ ಬರೆದಿಡಬೇಕು. ದಿನಕ್ಕೆ ಎರಡು ಮೂರು ಸಲಕ್ಕಿಂತ ಜಾಸ್ತಿ ಹೆಚ್ಚುವರಿ ಬೇಕಾಯಿತೆಂದರೆ ಮೂಲ ಪ್ರಮಾಣ ಸಾಲುತ್ತಿಲ್ಲ ಎಂದರ್ಥ. ವೈದ್ಯರನ್ನು ಕೇಳಿ ಮೂರನೇ ಒಂದು ಪಾಲಿನಿಂದ ಅರ್ಧದಷ್ಟು ಏರಿಸಬೇಕು. ಇದನ್ನು ಮನೆಯವರಿಗೆ ಕಲಿಸಿಕೊಡುವುದು ಕಷ್ಟವಲ್ಲ. ಓದು ಬಾರದ ಮನೆಯಲ್ಲಿ ಹಳೆಯ ಕ್ಯಾಲೆಂಡರಿನ ಹಿಂದೆ ಸೂರ್ಯ, ಊಟದ ತಟ್ಟೆ, ಚಂದ್ರನ ಚಿತ್ರ ಬರೆದು, ಅದರ ಕೆಳಗೆ ಅರ್ಧ ಮಾತ್ರೆ, ಇಡೀ ಮಾತ್ರೆ ಬಿಡಿಸಿಕೊಟ್ಟರೆ ಸಾಕು.

ಅಡ್ಡಪರಿಣಾಮಗಳೂ ಗೊತ್ತಿರುವಂಥವೇ. ಮೊದಲ ಮೂರು ನಾಲ್ಕು ದಿನ ವಾಕರಿಕೆ, ಮಂಪರು ಇರುತ್ತದೆ. ವಾಕರಿಕೆಗೆ ಮೆಟೊಕ್ಲೊಪ್ರಮೈಡ್ 10 ಮಿ.ಗ್ರಾಂ. ದಿನಕ್ಕೆ ಮೂರು ಸಲ ಕೊಟ್ಟರೆ ಕಳೆಯುತ್ತದೆ, ಮಂಪರು ತಾನಾಗಿ ಇಳಿಯುತ್ತದೆ. ಎಷ್ಟೋ ದಿನಗಳಿಂದ ನಿದ್ದೆಗೆಟ್ಟವರು ನೋವು ಹೋದ ಮೇಲೆ ಒಂದೆರಡು ದಿನ ಚೆನ್ನಾಗಿ ಮಲಗುವುದೂ ಉಂಟು, ಅದಕ್ಕೆ ಗಾಬರಿಯಾಗಬೇಕಿಲ್ಲ. ಮಲಬದ್ಧತೆ ಮಾತ್ರ ಔಷಧ ಇರುವಷ್ಟು ದಿನವೂ ಇರುತ್ತದೆ. ಆದ್ದರಿಂದ ಮಾರ್ಫಿನ್ ಶುರುವಾದ ದಿನದಿಂದಲೇ ರಾತ್ರಿ ಬಿಸಾಕೊಡಿಲ್ 10 ಮಿ.ಗ್ರಾಂ. ಕಡ್ಡಾಯ. ಉಸಿರು ನಿಮಿಷಕ್ಕೆ ಎಂಟಕ್ಕಿಂತ ಕಡಿಮೆಯಾಗಿ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿ, ಎಬ್ಬಿಸಿದರೂ ಏಳದ ಸ್ಥಿತಿ ಬಂದರೆ ಮಾತ್ರ ಅದು ಪ್ರಮಾಣ ಮೀರಿದ ಲಕ್ಷಣ. ಅದಕ್ಕೆ ಮುಂಚೆಯೇ ಕೈಕಾಲು ಥಟ್ಟನೆ ಅದುರುವುದು, ಇಲ್ಲದ್ದನ್ನು ಕಂಡಂತೆ ಮಾತಾಡುವುದು ಕಾಣಿಸಿಕೊಳ್ಳುತ್ತದೆ. ಕಿಡ್ನಿ ದುರ್ಬಲವಾದವರಲ್ಲಿ ಔಷಧದ ಶೇಷ ದೇಹದಲ್ಲೇ ಉಳಿದು ಹೀಗಾಗುತ್ತದೆ, ಅಂಥವರಿಗೆ ಪ್ರಮಾಣ ಇಳಿಸಿ, ಎರಡು ಹೊತ್ತಿನ ನಡುವಿನ ಅಂತರ ಹೆಚ್ಚಿಸಬೇಕು. ಇವೆಲ್ಲ ತರಬೇತಾದ ನರ್ಸ್ ಗುರುತಿಸುವ ಸಂಗತಿಗಳು. ಗುರುತಿಸಿದ ಮೇಲೆ ಯಾರಿಗೆ ಫೋನ್ ಮಾಡಬೇಕು ಎಂಬುದೇ ನಮ್ಮ ಪ್ರಶ್ನೆ.

ಇನ್ನು ಚಟದ ಮಾತು. ಮಾರ್ಫಿನ್ ಕೊಟ್ಟರೆ ಅದರ ದಾಸರಾಗುತ್ತಾರೆ ಎಂದು ಹೆದರಿಸುವವರು ಒಂದು ಸಂಗತಿ ಗಮನಿಸಬೇಕು. ಮಾತ್ರೆ ಸಿಗುವ ಬೆಂಗಳೂರು ಸಕಲೇಶಪುರದಿಂದ ಸುಮಾರು 220 ಕಿ.ಮೀ. ರೋಗಿ ಎದ್ದು ಕೂರುವ ಸ್ಥಿತಿಯಲ್ಲಿಲ್ಲ. ಮಗನೋ ಅಳಿಯನೋ ಒಂದು ದಿನದ ಕೂಲಿ ಬಿಟ್ಟು, ಹಿಂದಿನ ರಾತ್ರಿಯ ಬಸ್ಸು ಹತ್ತಿ, ಸಾಲಿನಲ್ಲಿ ನಿಂತು ಎರಡು ವಾರದ ಮಾತ್ರೆ ತರುತ್ತಾನೆ. ಮುಂದಿನ ಸಲ ಹಣ ಹೊಂದಿಸಲಾಗದೆ ನಾಲ್ಕು ದಿನ ತಡವಾಗುತ್ತದೆ. ದಿನಾ ತೆಗೆದುಕೊಳ್ಳುತ್ತಿದ್ದ ಮಾರ್ಫಿನ್ ಥಟ್ಟನೆ ನಿಂತಾಗ ನೋವು ಮರಳುವುದಷ್ಟೇ ಅಲ್ಲ, ಮೈ ಬೆವರುತ್ತದೆ, ಭೇದಿಯಾಗುತ್ತದೆ, ಕೂತಲ್ಲಿ ಕೂರಲಾಗದ ಚಡಪಡಿಕೆ ಬರುತ್ತದೆ. ರೋಗಿ "ಮಾತ್ರೆ ತಂದ್ರಾ, ಮಾತ್ರೆ ತಂದ್ರಾ" ಎಂದು ಗೋಗರೆಯುತ್ತಾರೆ. ಅಕ್ಕಪಕ್ಕದವರು ನೋಡಿ ಚಟ ಹತ್ತಿತು ಎನ್ನುತ್ತಾರೆ. ಚಟವೆಂದು ಜನ ಹೆದರುವ ಆ ದೃಶ್ಯ ಉಂಟಾಗಿದ್ದು ಸರಬರಾಜು ಕಡಿದುಹೋಗಿದ್ದರಿಂದ. ಮಾತ್ರೆ ನಲವತ್ತು ಕಿ.ಮೀ. ದೂರದ ಹಾಸನದಲ್ಲಿ, ಇಲ್ಲವೇ ಅದೇ ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂತಿದ್ದರೆ ಅದು ನಡೆಯುತ್ತಲೇ ಇರಲಿಲ್ಲ. ನಿಧಾನವಾಗಿ ಏರಿಸಿ, ನಿಧಾನವಾಗಿ ಇಳಿಸುವ ಔಷಧ ಇದು. ರೇಡಿಯೇಷನ್ ಆಗಿ ನೋವು ತಗ್ಗಿದವರಲ್ಲಿ ಕ್ರಮವಾಗಿ ಇಳಿಸಿ ಪೂರ್ತಿ ನಿಲ್ಲಿಸಲೂ ಸಾಧ್ಯ.

ಕಾನೂನು ಅಡ್ಡಿ ಎಂಬ ಉತ್ತರವನ್ನು ದಯವಿಟ್ಟು ಇನ್ನು ಕೊಡಬೇಡಿ. 1985ರ ಮಾದಕ ದ್ರವ್ಯ ಕಾಯ್ದೆಯಡಿ ಹಿಂದೆ ಒಂದೊಂದು ರಾಜ್ಯಕ್ಕೂ ಒಂದೊಂದು ನಿಯಮ, ಹಲವು ಪರವಾನಗಿ ಇದ್ದದ್ದು ನಿಜ. 2014ರಲ್ಲಿ ಸಂಸತ್ತು ಆ ಕಾಯ್ದೆಗೆ ತಿದ್ದುಪಡಿ ತಂದು 'ಅಗತ್ಯ ಮಾದಕ ಔಷಧಗಳು' ಎಂಬ ವರ್ಗವನ್ನೇ ಮಾಡಿತು. 2015ರಲ್ಲಿ ಬಂದ ನಿಯಮಗಳು ಮಾರ್ಫಿನ್, ಫೆಂಟನಿಲ್, ಮೆಥಡೋನ್ ಸೇರಿ ಆರು ಔಷಧಗಳಿಗೆ ಇಡೀ ದೇಶಕ್ಕೆ ಒಂದೇ ಪದ್ಧತಿ ತಂದವು. ನೋವು ನಿವಾರಣೆ ಮತ್ತು ಉಪಶಮನ ಆರೈಕೆಯಲ್ಲಿ (ವಾಸಿಯಾಗದ ಕಾಯಿಲೆಯವರ ಸಂಕಟ ತಗ್ಗಿಸುವ ಆರೈಕೆ) ತರಬೇತಿ ಪಡೆದ ಒಬ್ಬ ವೈದ್ಯರಿದ್ದರೆ ಆಸ್ಪತ್ರೆಯು ರಾಜ್ಯ ಔಷಧ ನಿಯಂತ್ರಕರಿಂದ ಆರ್‌ಎಂಐ (ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆ) ಎಂಬ ಮಾನ್ಯತೆ ಪಡೆದು ಮಾರ್ಫಿನ್ ತರಿಸಿಡಬಹುದು, ಕೊಡಬಹುದು. ಬೀಗದಲ್ಲಿಡಬೇಕು, ದಿನವಹಿ ಲೆಕ್ಕ ಬರೆಯಬೇಕು, ಮುಂದಿನ ವರ್ಷಕ್ಕೆ ಎಷ್ಟು ಬೇಕೆಂದು ಅಂದಾಜು ಕಳಿಸಬೇಕು. ಯಾವುದೇ ತಾಲ್ಲೂಕು ಆಸ್ಪತ್ರೆಯ ಫಾರ್ಮಸಿಸ್ಟ್ ಮಾಡಬಲ್ಲ ಕೆಲಸವಿದು. ವೈದ್ಯರ ಚೀಟಿಯಂತೆ ಪಡೆದ ಮಾರ್ಫಿನ್ ಅನ್ನು ರೋಗಿ ಮನೆಯಲ್ಲಿಟ್ಟುಕೊಳ್ಳುವುದು ಅಪರಾಧವಲ್ಲ ಎಂಬುದನ್ನು ಪೊಲೀಸ್ ಠಾಣೆಗಳಿಗೂ ಒಂದು ಸಾಲಿನಲ್ಲಿ ತಿಳಿಸಿದರೆ ಒಳ್ಳೆಯದು. ಮನೆಯವರ ಹೆದರಿಕೆ ಅರ್ಧ ಅಲ್ಲಿಯದೇ.

ಮಾತ್ರೆ ಸಿಗದ್ದಕ್ಕೆ ಬದಲಾಗಿ ಚರ್ಮಕ್ಕೆ ಅಂಟಿಸುವ ಫೆಂಟನಿಲ್ ಪಟ್ಟಿ (ಪ್ಯಾಚ್) ಬರೆದುಕೊಡುವುದು ಹೆಚ್ಚುತ್ತಿದೆ. ಮೂರು ದಿನಕ್ಕೊಂದು ಅಂಟಿಸಿದರಾಯಿತು, ನುಂಗುವ ತೊಂದರೆ ಇರುವವರಿಗೆ ಒಳ್ಳೆಯದೇ. ಆದರೆ ಅದು ದುಬಾರಿ. ಅಂಟಿಸಿದ ಮೇಲೆ ಪೂರ್ತಿ ಕೆಲಸ ಮಾಡಲು 12ರಿಂದ 24 ಗಂಟೆ ಬೇಕು, ಅಷ್ಟು ಹೊತ್ತಿಗೆ ಬೇರೆ ಔಷಧ ಕೊಡದೆ ಬಿಟ್ಟರೆ ನೋವು ಹಾಗೇ ಇರುತ್ತದೆ. ಗಂಟೆಗೆ 25 ಮೈಕ್ರೋಗ್ರಾಂ ಬಿಡುವ ಒಂದು ಪಟ್ಟಿ ದಿನಕ್ಕೆ 60 ಮಿ.ಗ್ರಾಂ. ಅಥವಾ ಅದಕ್ಕೂ ಹೆಚ್ಚು ಮಾರ್ಫಿನ್ನಿಗೆ ಸಮ. ಅಂಥ ಔಷಧದ ಅಭ್ಯಾಸವೇ ಇಲ್ಲದವರಿಗೆ ಮೊದಲ ದಿನವೇ ಅದನ್ನು ಅಂಟಿಸುವುದು ಅಪಾಯ. ಮಲೆನಾಡಿನಲ್ಲಿ ಇನ್ನೊಂದು ತೊಡಕೂ ಇದೆ, ಚೀಟಿ ಬರೆಯುವವರಿಗೆ ಅದು ಹೊಳೆಯುವುದಿಲ್ಲ. ಶಾಖ ತಾಗಿದರೆ ಪಟ್ಟಿಯಿಂದ ಔಷಧ ಬೇಗಬೇಗ ದೇಹಕ್ಕಿಳಿಯುತ್ತದೆ. ಮಳೆಗಾಲದಲ್ಲಿ ರೋಗಿಯನ್ನು ಬಚ್ಚಲೊಲೆಯ ಮುಂದೆ ಕೂರಿಸಿ ಹಂಡೆಯ ಸುಡುನೀರು ಹೊಯ್ಯುವುದು, ಬೆನ್ನಿಗೆ ಬಿಸಿನೀರಿನ ಚೀಲ ಇಡುವುದು, ಒಲೆಯ ಪಕ್ಕ ಹಾಸಿಗೆ ಹಾಕುವುದು ನಮ್ಮಲ್ಲಿ ಪ್ರೀತಿಯಿಂದ ಮಾಡುವ ಉಪಚಾರ. ಪಟ್ಟಿ ಇರುವ ಮೈಗೆ ಅದೇ ಕಂಟಕವಾಗಬಹುದು. ಇದನ್ನು ಹೇಳಿ ಕಳಿಸಿದ್ದನ್ನು ನಾವು ಕಂಡಿಲ್ಲ.

ಇಲ್ಲಿಯವರೆಗೆ ನೋವಿನದಾಯಿತು. ಆದರೆ ನೋವೊಂದೇ ಅಲ್ಲ. ಮಲಬದ್ಧತೆಯಂಥ ಸಾಮಾನ್ಯ ತೊಂದರೆಯೇ ಎಷ್ಟು ದಾರಿ ತಪ್ಪಿಸುತ್ತದೆ ನೋಡಿ. ಹತ್ತು ದಿನ ಹೊರಕಡೆ ಆಗದವರಿಗೆ ಒಮ್ಮೆಲೇ ದಿನಕ್ಕೆ ಏಳೆಂಟು ಸಲ ನೀರಿನಂಥ ಭೇದಿ ಶುರುವಾಗುತ್ತದೆ. ಮನೆಯವರು ಭೇದಿ ನಿಲ್ಲುವ ಮಾತ್ರೆ ತಂದು ಕೊಡುತ್ತಾರೆ. ಕೆಲವು ಸಲ ಆರೋಗ್ಯ ಕೇಂದ್ರದಲ್ಲೂ ಅದನ್ನೇ ಕೊಟ್ಟು ಕಳಿಸುತ್ತಾರೆ. ನಿಜದಲ್ಲಿ ಅದು ಭೇದಿಯಲ್ಲ. ಕೆಳಗೆ ಕಲ್ಲಾಗಿ ಕೂತ ಮಲದ ಪಕ್ಕದಿಂದ ಮೇಲಿನ ನೀರು ಜಾರಿ ಬರುತ್ತಿರುತ್ತದೆ. ಕೈಗವಸು ಹಾಕಿ, ಲಿಗ್ನೋಕೇನ್ ಜೆಲ್ಲಿ ಹಚ್ಚಿ ಬೆರಳಿನಿಂದ ಪರೀಕ್ಷಿಸಿದರೆ ಒಂದು ನಿಮಿಷದಲ್ಲಿ ಗೊತ್ತಾಗುತ್ತದೆ. ಆಮೇಲೆ ಗ್ಲಿಸರಿನ್ ಅಥವಾ ಬಿಸಾಕೊಡಿಲ್ ಸಪೊಸಿಟರಿ (ಗುದದ್ವಾರದಲ್ಲಿಡುವ ಔಷಧ), ಎನಿಮಾ, ಕೆಲವೊಮ್ಮೆ ನೋವಿನ ಔಷಧ ಮುಂಚೆಯೇ ಕೊಟ್ಟು ಬೆರಳಿನಿಂದಲೇ ತೆಗೆಯಬೇಕಾಗುತ್ತದೆ. ತೆಗೆದ ಮೇಲೆ ವಾಂತಿ, ಹೊಟ್ಟೆಯುಬ್ಬರ, ರಾತ್ರಿಯ ಬಡಬಡಿಕೆ, ಕಟ್ಟಿಕೊಂಡಿದ್ದ ಮೂತ್ರ, ಒಂದೊಂದಾಗಿ ಸಡಿಲವಾಗುತ್ತವೆ. ಈ ಪರೀಕ್ಷೆ ಯಾರೂ ಮಾಡದಿರುವುದಕ್ಕೆ ಹೇಸಿಗೆ, ಸಂಕೋಚ ಬಿಟ್ಟರೆ ಬೇರೆ ಕಾರಣವಿಲ್ಲ. ಶುಶ್ರೂಷಕರಿಗೆ ಇದನ್ನು ಕಲಿಸಿ, ಜೊತೆಗೆ ಕೈಗವಸು, ಜೆಲ್ಲಿ, ಸಪೊಸಿಟರಿ ಕೊಡಿ. ಸಪೊಸಿಟರಿಗೆ ತಂಪು ಬೇಕು ಎನ್ನುವುದೂ ನೆನಪಿರಲಿ, ಬೈಕಿನ ಪೆಟ್ಟಿಗೆಯಲ್ಲಿ ಬೇಸಿಗೆಯಲ್ಲಿ ಕರಗುತ್ತದೆ.

ಬಾಯಿ ಕ್ಯಾನ್ಸರಿನ ಗಾಯದ ಬಗ್ಗೆ ಬರೆಯದೆ ಈ ಪತ್ರ ಪೂರ್ತಿಯಾಗದು. ಎಲೆಅಡಿಕೆ, ಕಡ್ಡಿಪುಡಿ ದವಡೆಗೆ ಇಟ್ಟುಕೊಂಡೇ ದುಡಿದ ತೋಟದ ಕೂಲಿಯವರಲ್ಲಿ, ಅದರಲ್ಲೂ ಹೆಂಗಸರಲ್ಲಿ, ಕೆನ್ನೆ ತೂತಾಗಿ ಒಳಗಿನ ಹಲ್ಲು ಕಾಣುವ ಸ್ಥಿತಿಗೆ ಬಂದವರಿದ್ದಾರೆ. ಆ ಗಾಯದ ವಾಸನೆ ಎರಡು ಕೋಣೆಯ ಲೈನ್‌ಮನೆಯಲ್ಲಿ ಯಾರನ್ನೂ ಹತ್ತಿರ ಕೂರಗೊಡುವುದಿಲ್ಲ. ಅಮ್ಮನ ಪಕ್ಕ ಉಣ್ಣುತ್ತಿದ್ದ ಮಕ್ಕಳು ಜಗಲಿಗೆ ತಟ್ಟೆ ಒಯ್ಯುತ್ತಾರೆ, ಆಕೆ ಸೆರಗಿನಿಂದ ಮುಖ ಮುಚ್ಚಿಕೊಂಡು ಗೋಡೆಗೆ ತಿರುಗಿ ಮಲಗುತ್ತಾಳೆ. ಆ ವಾಸನೆಗೆ ಕಾರಣ ಗಾಳಿಯಿಲ್ಲದೆ ಬೆಳೆಯುವ ಬ್ಯಾಕ್ಟೀರಿಯಾ, ಅದಕ್ಕೆ ಔಷಧ ಮೆಟ್ರೊನಿಡಜೋಲ್. 400 ಮಿ.ಗ್ರಾಂ. ಮಾತ್ರೆಯನ್ನು ನುಣ್ಣಗೆ ಪುಡಿಮಾಡಿ, ತೊಳೆದ ಗಾಯದ ಮೇಲೆ ಉದುರಿಸಿ ಮುಚ್ಚಿದರೆ ಕೆಲವೇ ದಿನದಲ್ಲಿ ವಾಸನೆ ಇಳಿಯುತ್ತದೆ. ದುಬಾರಿ ಜೆಲ್ ಬೇಕೆಂದೇನಿಲ್ಲ.

ಡ್ರೆಸಿಂಗಿಗೂ ಕ್ರಮವಿದೆ. ಮಾರ್ಫಿನ್ ಮೇಲಿರುವವರಿಗೆ ಅರ್ಧ ಗಂಟೆ ಮುಂಚೆ ಒಂದು ಹೆಚ್ಚುವರಿ ಪ್ರಮಾಣ. ಅರ್ಧ ಲೀಟರ್ ನೀರು ಕುದಿಸಿ ಆರಿಸಿ, ಅದಕ್ಕೆ ಒಂದು ಟೀ ಚಮಚ ಉಪ್ಪು. ಹಳೆಯ ಬಟ್ಟೆಯನ್ನು ಒಣಗಿದಂತೆಯೇ ಎಳೆದರೆ ರಕ್ತ ಬರುತ್ತದೆ, ಮೊದಲು ಈ ನೀರು ಹೊಯ್ದು ನೆನೆಸಿ ಸಡಿಲ ಮಾಡಿಕೊಳ್ಳಬೇಕು. ಹೈಡ್ರೋಜನ್ ಪೆರಾಕ್ಸೈಡ್ ಸುರಿಯುವ ಅಭ್ಯಾಸ ಬಿಡಬೇಕು. ನೊರೆ ಬರುವುದು ನೋಡಿ ಗಾಯ ಶುದ್ಧವಾಯಿತು ಎಂದು ತಿಳಿಯುತ್ತಾರೆ, ಉಳಿದ ಒಳ್ಳೆಯ ಮಾಂಸವೂ ಸುಡುತ್ತದೆ. ಗಾಜ್ ಬಟ್ಟೆ ಕೊಳ್ಳಲಾಗದ ಮನೆಯಲ್ಲಿ ಹಳೆಯ ಹತ್ತಿ ಸೀರೆ, ಪಂಚೆ ಕತ್ತರಿಸಿ ಮಡಚಿ, ಬಟ್ಟೆಯಲ್ಲಿ ಸುತ್ತಿ ಕುಕ್ಕರಿನಲ್ಲಿ ಆವಿಗಿಟ್ಟು ಬಳಸುವುದನ್ನು ಕಲಿಸುತ್ತೇವೆ. ನೊಣ ಕೂತು ಹುಳ ಬಿದ್ದಿದ್ದರೆ, ಟರ್ಪೆಂಟೈನ್ ಎಣ್ಣೆಯಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಗಾಯದ ಅಂಚಿಗೆ ಹಿಡಿದರೆ ಹುಳ ಹೊರಬರುತ್ತವೆ, ಚಿಮಟದಲ್ಲಿ ಹೆಕ್ಕಬೇಕು. ಎಣ್ಣೆಯನ್ನೇ ಹಸಿ ಗಾಯಕ್ಕೆ ಸುರಿದರೆ ಉರಿ ತಡೆಯಲಾಗದು. ರಕ್ತ ಜಿನುಗಿದರೆ ಅಡ್ರಿನಲಿನ್‌ನಲ್ಲಿ ಅದ್ದಿದ ಗಾಜ್ ಬಟ್ಟೆಯಿಂದ ಹತ್ತು ನಿಮಿಷ ಒತ್ತಿ ಹಿಡಿಯಬೇಕು. ಕುತ್ತಿಗೆಯ ದೊಡ್ಡ ರಕ್ತನಾಳದ ಹತ್ತಿರ ಗಾಯವಿದ್ದರೆ ಮನೆಯವರಿಗೆ ಮೊದಲೇ ಮೆಲ್ಲಗೆ ಹೇಳಿ, ಕಡುಬಣ್ಣದ ಟವಲ್ಲುಗಳನ್ನು ಹತ್ತಿರದಲ್ಲೇ ಇಡಿಸಬೇಕು. ಬಿಳಿ ಬಟ್ಟೆಯ ಮೇಲೆ ರಕ್ತ ನೋಡಿ ರೋಗಿಯೂ ಮನೆಯವರೂ ತಲ್ಲಣಿಸುವುದನ್ನು ಅಷ್ಟರಮಟ್ಟಿಗೆ ತಪ್ಪಿಸಬಹುದು.

ಇವುಗಳಲ್ಲಿ ಯಾವ ವಸ್ತುವಿಗೆ ದೊಡ್ಡ ದುಡ್ಡು ಬೇಕು? ಮೆಟ್ರೊನಿಡಜೋಲ್ ಪ್ರತಿ ಆರೋಗ್ಯ ಕೇಂದ್ರದಲ್ಲೂ ಇರುವ ಮಾತ್ರೆ. ಗಾಯಕ್ಕೆ ಪುಡಿಮಾಡಿ ಹಾಕಲು ಮೂವತ್ತು ಮಾತ್ರೆ ಕೇಳಿದರೆ, "ಅದು ನುಂಗೋಕೆ ಇರೋದು, ಐದು ದಿನದ್ದು ಮಾತ್ರ ಕೊಡ್ತೀವಿ" ಎಂಬ ಉತ್ತರ ಬಂದದ್ದುಂಟು. ಒಂದು ಸುತ್ತೋಲೆ ಇದ್ದರೆ ಫಾರ್ಮಸಿಸ್ಟರಿಗೂ ತೊಂದರೆಯಿಲ್ಲ, ನಮಗೂ ಇಲ್ಲ.

ಉಬ್ಬಸದ ವಿಚಾರದಲ್ಲಿ ಜನ ಸಾಲ ಮಾಡಿ ಮೋಸಹೋಗುತ್ತಿದ್ದಾರೆ. ಆಕ್ಸಿಜನ್ ಕಾನ್ಸನ್ಟ್ರೇಟರ್ ಬಾಡಿಗೆಗೆ ತಂದಿರುತ್ತಾರೆ, ಹೆತ್ತೂರು, ಯಸಳೂರು ಕಡೆ ಮಳೆಗಾಲದಲ್ಲಿ ಕರೆಂಟು ಹೋದರೆ ಯಂತ್ರವೂ ಸುಮ್ಮನೆ, ಮನೆಯವರ ಗಾಬರಿ ಇಮ್ಮಡಿ. ರಕ್ತದಲ್ಲಿ ಆಮ್ಲಜನಕ ಶೇ. 90ಕ್ಕಿಂತ ಕೆಳಗಿದ್ದವರಿಗೆ ಅದರಿಂದ ಪ್ರಯೋಜನ. ಸರಿಯಿರುವವರಿಗೆ ಮುಖಕ್ಕೆ ತಾಗುವ ಗಾಳಿಯೇ ಅಷ್ಟೇ ಹಿತ ಕೊಡುತ್ತದೆ: ಕಿಟಕಿ ತೆಗೆಯುವುದು, ಬೀಸಣಿಗೆ, ಬ್ಯಾಟರಿಯ ಪುಟ್ಟ ಫ್ಯಾನು. ಮುಂದೆ ದಿಂಬಿಟ್ಟು ಅದರ ಮೇಲೆ ಕೈಯೂರಿ ಬಾಗಿ ಕೂರಿಸಬೇಕು, ಸುತ್ತ ನಿಂತ ಜನರನ್ನು ಸರಿಸಬೇಕು. ಅದಕ್ಕೂ ಮೀರಿದ ಉಬ್ಬಸಕ್ಕೆ ಕಡಿಮೆ ಪ್ರಮಾಣದ ಮಾರ್ಫಿನ್, 2.5 ಮಿ.ಗ್ರಾಂ. ನಾಲ್ಕು ಗಂಟೆಗೊಮ್ಮೆ, ಉಸಿರಿಗೆ ಪರದಾಡುವ ಭಾವನೆಯನ್ನು ಇಳಿಸುತ್ತದೆ. ಮತ್ತೆ ಅದೇ ಮಾತ್ರೆಯ ಹತ್ತಿರ ಬಂದು ನಿಂತೆವು.

ಉಪಶಮನ ಆರೈಕೆ ಎಂದರೆ ಕೈಬಿಡುವುದು ಎಂದು ಕೆಲವರು ತಿಳಿದಿರುವುದರಿಂದ ಒಂದು ಮಾತು ಇಲ್ಲೇ ಹೇಳಬೇಕು. ಸ್ತನ, ಶ್ವಾಸಕೋಶ ಅಥವಾ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದವರಿಗೆ ಹೊಸದಾಗಿ ಬೆನ್ನುನೋವು ಬಂದು, ಕಾಲಲ್ಲಿ ಶಕ್ತಿ ಕುಂದಿ, ಮೂತ್ರ ಕಟ್ಟಿದರೆ ಅದು ಬೆನ್ನುಹುರಿ ಒತ್ತಡದ ತುರ್ತು. ಆ ದಿನವೇ ಊತ ಇಳಿಸುವ ಡೆಕ್ಸಾಮೆಥಾಸೋನ್ ಕೊಟ್ಟು, ರೇಡಿಯೇಷನ್ ಇರುವಲ್ಲಿಗೆ ಕಳಿಸಬೇಕು. ನಡೆಯುತ್ತಿರುವಾಗಲೇ ಮುಟ್ಟಿಸಿದರೆ ನಡೆಯುವ ಶಕ್ತಿ ಬಹುಮಟ್ಟಿಗೆ ಉಳಿಯುತ್ತದೆ. ಕಾಲು ಪೂರ್ತಿ ಬಿದ್ದುಹೋಗಿ ದಿನ ಕಳೆದರೆ ಮರಳುವುದು ಅಪರೂಪ. "ಕ್ಯಾನ್ಸರ್ ಪೇಷಂಟು, ಬೆನ್ನುನೋವು ಇದ್ದದ್ದೇ" ಎಂದು ಎರಡು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸಿದ್ದನ್ನು ನಾವು ಕಂಡಿದ್ದೇವೆ. ಆಸ್ಪತ್ರೆಯ ಹೆಸರು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಇದು ಒಂದು ಆಸ್ಪತ್ರೆಯ ತಪ್ಪಲ್ಲ, ಯಾರಿಗೂ ಕಲಿಸದ ತಪ್ಪು.

ಕೊನೆಯ ದಿನಗಳಲ್ಲಿ ಮನೆಯವರ ಮೊದಲ ಬೇಡಿಕೆ "ಒಂದು ಗ್ಲೂಕೋಸ್ ಏರಿಸಿ". ಅನ್ನ ಇಳಿಯದವರನ್ನು ನೋಡಿ ಹೊಟ್ಟೆ ಉರಿಯುತ್ತದೆ, ಆ ಸಂಕಟ ನಮಗೆ ಅರ್ಥವಾಗುತ್ತದೆ. ಆದರೆ 5 ಪರ್ಸೆಂಟಿನ ಅರ್ಧ ಲೀಟರ್ ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ನೂರು ಕ್ಯಾಲೊರಿಗೂ ಕಡಿಮೆ. ಸೋಲುತ್ತಿರುವ ಹೃದಯ, ಕಿಡ್ನಿ ಆ ನೀರನ್ನು ಹೊರಹಾಕಲಾರವು. ಅದು ಕಾಲಿಗೆ, ಶ್ವಾಸಕೋಶಕ್ಕೆ ಸೇರಿ ಉಬ್ಬಸ ಹೆಚ್ಚಿಸುತ್ತದೆ, ಗಂಟಲಿನ ಗೊರಗೊರ ಶಬ್ದ ಜೋರಾಗುತ್ತದೆ. ಆ ಹೊತ್ತಿಗೆ ಬೇಕಾದದ್ದು ಬಾಯಿಯ ಆರೈಕೆ. ಒದ್ದೆ ಬಟ್ಟೆಯಿಂದ ಎರಡು ಗಂಟೆಗೊಮ್ಮೆ ಬಾಯೊರೆಸಿ, ತುಟಿಗೆ ಬೆಣ್ಣೆಯೋ ವ್ಯಾಸಲಿನ್ನೋ ಹಚ್ಚಿ, ನುಂಗುವ ಶಕ್ತಿಯಿದ್ದರೆ ಚಮಚದಲ್ಲಿ ಹನಿ ನೀರು. ಗೊರಗೊರ ಶಬ್ದಕ್ಕೆ ಪಕ್ಕಕ್ಕೆ ಮಲಗಿಸಿ, ಹಯೊಸಿನ್ ಬ್ಯುಟೈಲ್‌ಬ್ರೊಮೈಡ್ 20 ಮಿ.ಗ್ರಾಂ. ಚರ್ಮದಡಿ ಕೊಡುವುದು, ಶುರುವಾದ ಕೂಡಲೇ ಕೊಟ್ಟರೆ ಫಲ ಹೆಚ್ಚು, ತಡಮಾಡಿದರೆ ಕಡಿಮೆ.

ಚರ್ಮದಡಿ ಕೊಡುವ ಈ ವಿಧಾನ ನಮ್ಮ ಕೆಲಸಕ್ಕೆ ಬೆನ್ನೆಲುಬು. ನುಂಗಲಾಗದವರಿಗೆ ರಕ್ತನಾಳ ಹುಡುಕುತ್ತ ಕೈಯೆಲ್ಲ ಚುಚ್ಚುವ ಅಗತ್ಯವಿಲ್ಲ. 23 ಗೇಜಿನ ಬಟರ್‌ಫ್ಲೈ ಸೂಜಿಯನ್ನು ಎದೆಯ ಮೇಲ್ಭಾಗಕ್ಕೋ ತೊಡೆಗೋ ಚರ್ಮದಡಿ ಸೇರಿಸಿ ಅಂಟಿಸಿದರೆ ಮೂರು ದಿನವೋ ಇನ್ನೂ ಹೆಚ್ಚೋ ಉಳಿಯುತ್ತದೆ. ಕೆಂಪಾದರೆ, ಗಂಟಾದರೆ ಜಾಗ ಬದಲಿಸಬೇಕು. ಮಾರ್ಫಿನ್, ಹ್ಯಾಲೊಪೆರಿಡಾಲ್, ಮೆಟೊಕ್ಲೊಪ್ರಮೈಡ್, ಮಿಡಜೋಲಮ್ ಇದರಲ್ಲಿ ಕೊಡಬಹುದು. ಡಯಾಜಿಪಾಮ್, ಕ್ಲೋರ್‌ಪ್ರೊಮಜಿನ್ ಕೊಡಬಾರದು, ಚರ್ಮ ಕೊಳೆಯುತ್ತದೆ. ಬಾಯಿಂದ ಕೊಡುತ್ತಿದ್ದ ಮಾರ್ಫಿನ್ನಿನ ಅರ್ಧ ಇಲ್ಲಿ ಸಾಕು. ಮನೆಯವರಿಗೂ ಇದರಲ್ಲಿ ಔಷಧ ಕೊಡಲು ಕಲಿಸಬಹುದು. ಇಷ್ಟು ಇಲ್ಲದ ಕಾರಣಕ್ಕೆ ನಡುರಾತ್ರಿ ಗಾಬರಿಯಾಗಿ ಆಂಬುಲೆನ್ಸ್ ಕರೆಸಿ, ಘಟ್ಟದ ತಿರುವುಗಳಲ್ಲಿ ಕುಲುಕಾಡಿಸಿಕೊಂಡು ಒಯ್ದು, ದಾರಿಯಲ್ಲೇ ಪ್ರಾಣ ಹೋದದ್ದಿದೆ. ಮನೆಯಲ್ಲೇ ಕಣ್ಣು ಮುಚ್ಚಬೇಕೆಂದು ಅವರು ಕೇಳಿಕೊಂಡಿದ್ದರು.

ಮಾನ್ಯರೇ, ನಾವು ಕೇಳುತ್ತಿರುವುದು ಹೊಸ ಯೋಜನೆಯನ್ನಲ್ಲ. ಉಪಶಮನ ಆರೈಕೆಯ ರಾಷ್ಟ್ರೀಯ ಕಾರ್ಯಕ್ರಮ 2012ರಿಂದ ಇದೆ. ಆಯುಷ್ಮಾನ್ ಆರೋಗ್ಯ ಮಂದಿರಗಳು ಕೊಡಬೇಕಾದ ಹನ್ನೆರಡು ಸೇವೆಗಳಲ್ಲಿ ವೃದ್ಧರ ಆರೈಕೆ ಮತ್ತು ಉಪಶಮನ ಆರೈಕೆ ಒಂದು. ಪಕ್ಕದ ಕೇರಳ 2008ರಲ್ಲೇ ನೀತಿ ಮಾಡಿ, ಪಂಚಾಯಿತಿಗಳ ಮೂಲಕ ಮನೆಗೆ ಹೋಗುವ ನರ್ಸುಗಳ ವ್ಯವಸ್ಥೆ ಕಟ್ಟಿತು. ಕಾಗದದಲ್ಲಿರುವುದು ನಮ್ಮ ಹಳ್ಳಿಗೆ ಇಳಿಯಬೇಕು, ಅಷ್ಟೇ.

ಮೊದಲು, ಪ್ರತಿ ತಾಲ್ಲೂಕು ಆಸ್ಪತ್ರೆಯಿಂದ ಒಬ್ಬ ವೈದ್ಯರನ್ನೂ ಇಬ್ಬರು ಶುಶ್ರೂಷಾಧಿಕಾರಿಗಳನ್ನೂ ತರಬೇತಿಗೆ ಕಳಿಸಿ, ಆ ವೈದ್ಯರು ಮರಳಿದ ಕೂಡಲೇ ಆರ್‌ಎಂಐ ಅರ್ಜಿ ಹಾಕಿಸಿ. ಒಬ್ಬರೇ ಇದ್ದರೆ ವರ್ಗವಾದ ದಿನ ಎಲ್ಲ ನಿಲ್ಲುತ್ತದೆ, ಆದ್ದರಿಂದ ಇನ್ನೊಬ್ಬರನ್ನೂ ತಯಾರು ಮಾಡಿರಿ. ಮಾತ್ರೆಯ ಲೆಕ್ಕ ದೊಡ್ಡದೇನಲ್ಲ. ಒಂದು ತಾಲ್ಲೂಕಿನಲ್ಲಿ ಒಮ್ಮೆಗೆ ಹತ್ತು ಮಂದಿ ಮಾರ್ಫಿನ್ ಮೇಲಿದ್ದಾರೆ, ತಲಾ ದಿನಕ್ಕೆ 60 ಮಿ.ಗ್ರಾಂ. ಬೇಕು ಎಂದಿಟ್ಟುಕೊಂಡರೂ ತಿಂಗಳಿಗೆ 10 ಮಿ.ಗ್ರಾಂ.ನ 1,800 ಮಾತ್ರೆ. ಹೆಚ್ಚುವರಿ ಪ್ರಮಾಣಕ್ಕೆ ಇನ್ನೊಂದಿಷ್ಟು ಸೇರಿಸಿ, ಎರಡು ತಿಂಗಳದ್ದು ಯಾವಾಗಲೂ ದಾಸ್ತಾನಿರಲಿ. ಖಾಲಿಯಾದ ಮೇಲೆ ಬೇಡಿಕೆ ಕಳಿಸುವ ಪದ್ಧತಿ ಈ ಔಷಧಕ್ಕೆ ಆಗದು.

ಎರಡನೆಯದು ಲಿಖಿತ ಆದೇಶ. ಪ್ರತಿ ರೋಗಿಯ ಮನೆಯಲ್ಲಿ ವೈದ್ಯರ ಸಹಿಯಿರುವ ಒಂದು ಹಾಳೆ ಇರಲಿ. ನೋವು ಚಿಮ್ಮಿದರೆ ಇಷ್ಟು, ವಾಂತಿಗೆ ಇಷ್ಟು, ತಳಮಳಕ್ಕೆ ಇಷ್ಟು, ಇಷ್ಟಕ್ಕೂ ತಗ್ಗದಿದ್ದರೆ ಈ ನಂಬರಿಗೆ ಫೋನ್. ಆ ಹಾಳೆ ಇಲ್ಲದೆ ಶುಶ್ರೂಷಕರು ಔಷಧ ಕೊಡುವಂತಿಲ್ಲ, ಕೊಡದೆ ನೋಡುತ್ತ ನಿಲ್ಲುವುದೂ ಆಗುವುದಿಲ್ಲ. ಫೋನ್ ಎತ್ತುವ ವೈದ್ಯರು ತಾಲ್ಲೂಕಿಗೊಬ್ಬರು ಆಗದಿದ್ದರೆ ಜಿಲ್ಲೆಗೊಬ್ಬರಾದರೂ ಸರದಿಯಂತೆ ರಾತ್ರಿಯೂ ಇರಲಿ. ನೆಟ್‌ವರ್ಕ್ ಸಿಗದ ಊರುಗಳಿಗೆ ಈ ಹಾಳೆಯೇ ಆಧಾರ.

ಮನೆಗೆ ಹೋಗಲು ವಾರಕ್ಕೆ ಎರಡು ದಿನ ವಾಹನ ಬೇಕು. ಮೇಲೆ ಹೇಳಿದ ಸಾಮಾನಿರುವ ಒಂದು ಕಿಟ್ ಬೇಕು, ಅದಕ್ಕೆ ಕ್ಯಾತಿಟರ್, ಮೂತ್ರದ ಚೀಲ, ಮೂಗಿನ ಟ್ಯೂಬ್, ಫಂಗಸ್ ಸೋಂಕಿಗೆ ಕ್ಲೊಟ್ರಿಮಜೋಲ್ ಸೇರಿಸಿ. ಗಾಳಿ ಹಾಸಿಗೆಗಳನ್ನು ಎರವಲು ಕೊಡುವ ವ್ಯವಸ್ಥೆ ತಾಲ್ಲೂಕು ಆಸ್ಪತ್ರೆಯಲ್ಲಿರಲಿ. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರಿಗಾಗುತ್ತದೆ. ಹಾಸಿಗೆ ಹಿಡಿದವರ ಪಟ್ಟಿ ಆಶಾ ಕಾರ್ಯಕರ್ತೆಯರ ಬಳಿ ಈಗಲೇ ಇದೆ, ಅದನ್ನು ಸಮುದಾಯ ಆರೋಗ್ಯಾಧಿಕಾರಿಯ ಮೂಲಕ ನಮಗೆ ತಲುಪಿಸಿ. ಆಶಾ ಅವರಿಗೆ ಈ ಕೆಲಸಕ್ಕೆ ಪ್ರೋತ್ಸಾಹಧನವನ್ನೂ ನಿಗದಿ ಮಾಡಿ, ಬಿಟ್ಟಿಯಾಗಿ ಮಾಡಿಸಬೇಡಿ.

ಮಳೆಗಾಲ ಹಿಡಿದ ಮೇಲೆ ನಮ್ಮ ಭಾಗದ ಎಷ್ಟೋ ಊರುಗಳಿಗೆ ದಾರಿ ಕಷ್ಟ. ಅದಕ್ಕೆ ಮೊದಲು ಒಂದು ಸಭೆ ಕರೆಯಬೇಕೆಂದು ಕೋರುತ್ತೇವೆ. ತಾಲ್ಲೂಕು ಆರೋಗ್ಯಾಧಿಕಾರಿಗಳು, ಔಷಧ ನಿಯಂತ್ರಣ ಇಲಾಖೆಯವರು ಬರಲಿ. ಉಗ್ರಾಣ ನೋಡಿಕೊಳ್ಳುವ ಫಾರ್ಮಸಿಸ್ಟರನ್ನು ಮರೆಯದೆ ಕರೆಯಿರಿ, ಬೀಗ ಮತ್ತು ವಹಿ ಅವರ ಕೈಯಲ್ಲೇ ಇರುವುದು. ತಾಲ್ಲೂಕುವಾರು ಔಷಧಪಟ್ಟಿ, ಲಿಖಿತ ಆದೇಶದ ಮಾದರಿ ಹಾಳೆ, ಆರ್‌ಎಂಐ ಅರ್ಜಿಗೆ ಬೇಕಾದ ಅಂದಾಜು, ಇವನ್ನು ನಾವು ಸಿದ್ಧಮಾಡಿಕೊಂಡು ಬರುತ್ತೇವೆ. ಸಭೆಯ ದಿನಾಂಕವನ್ನು ಲಿಖಿತವಾಗಿ ತಿಳಿಸಬೇಕೆಂದು ವಿನಂತಿ.

ಇಂತಿ ತಮ್ಮ ವಿಶ್ವಾಸಿಗಳು,
ಮನೆ ಆರೈಕೆಯ ಶುಶ್ರೂಷಕರು,
ಸಕಲೇಶಪುರ, ಆಲೂರು, ಬೇಲೂರು, ಅರಕಲಗೂಡು ಭಾಗ